ದೊಡ್ಡವ್ವನ ತೊಟ್ಟಿಯ ಫಿಲ್ಟರ್ ಫಜೀತಿಗಳು

ಬಾವಿಯಿಂದ ಸೇದಿ ಕುಡಿಯುವ ಮನೆಯಲ್ಲಿ ನೀರಿನಿಂದ ನಗು ಬರುವಂಥದ್ದು ಅಪರೂಪ. ನೀರನ್ನು ತಿಳಿ ಮಾಡುತ್ತೇವೆಂದು ಯಂತ್ರ ತಂದ ಮನೆಯಲ್ಲಿ ಮಾತ್ರ ವಾರಕ್ಕೊಂದು ನಡೆಯುತ್ತಲೇ ಇರುತ್ತದೆ. ಅಂಥ ಮನೆಯೊಂದರಲ್ಲಿ ನಾನು ಇಂಜಿನ್ ನೋಡಿಕೊಳ್ಳುತ್ತಿದ್ದೆ. ಆದ್ದರಿಂದ ಇವೆಲ್ಲ ನನ್ನ ಕಣ್ಣೆದುರೇ ನಡೆದವು. ಕೆಲವು ನನ್ನ ಕೈಯಿಂದಲೇ ನಡೆದವು.

ಮೊದಲು ಮನೆಯ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಮಹಾರಾಜರ ಕಾಲ. ಹುಣಸೂರಿನಲ್ಲಿ ಒಬ್ಬ ಮರದ ಕಂಟ್ರಾಕ್ಟರ್. ಹೆಗ್ಗಡದೇವನಕೋಟೆ ಕಾಡಿನ ಮರವನ್ನು ಹರಾಜಿನಲ್ಲಿ ಹಿಡಿದು, ಊರಿಗೆ ಸಾಗಿಸಿ ಮಾರುವುದು ಅವರ ವ್ಯಾಪಾರ. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಅವರ ತಾಯಿಯನ್ನು ಎಲ್ಲರೂ ದೊಡ್ಡವ್ವ ಎನ್ನುತ್ತಿದ್ದರು. ಅವರು ಯಾರ ತಾಯಿಗೂ ಅಕ್ಕನಲ್ಲ. ಊರಿಗೆ ದೊಡ್ಡವರು, ಅದಕ್ಕೆ ದೊಡ್ಡವ್ವ.

ದೊಡ್ಡವ್ವನಿಗೆ ಮಂಡಿ ಹಿಡಿದುಕೊಂಡಿತ್ತು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಸೊಸೆಯ ಹೆಗಲ ಮೇಲೆ, ಹೀಗೆ ಜಗಲಿಯಿಂದ ಬಚ್ಚಲಿಗೆ ಹೋಗುವುದೇ ಅವರಿಗೆ ಯಾತ್ರೆಯಾಗಿತ್ತು. ಬಾಯಿ ಮಾತ್ರ ಗಟ್ಟಿಯಾಗಿತ್ತು. "ಸಾಯಕ್ ಮುಂಚೆ ಒಂದ್ ದಿನ ಕೋಲು ಬಿಸಾಕಿ, ಯಾರ್ ಹೆಗಲೂ ಹಿಡೀದೆ ನಡೀಬೇಕು ಕಣಪ್ಪ" ಎನ್ನುತ್ತಿದ್ದರು. ಮೈಸೂರಿನ ಡಾಕ್ಟರು ಬಂದು ನೋಡಿ ಹೇಳಿದರು: "ದಿನಾ ಬೆಳಿಗ್ಗೆ ಎದೆಮಟ್ಟದ ನೀರಿನಲ್ಲಿ ನಡೆಸಿ. ಮೈಭಾರವನ್ನು ನೀರು ಹೊರುತ್ತದೆ, ಮಂಡಿ ಸಲೀಸಾಗಿ ಆಡುತ್ತದೆ. ಬಿಟ್ಟುಬಿಟ್ಟು ಮಾಡಿದರೆ ಮತ್ತೆ ಬಿಗಿಯುತ್ತದೆ, ಆಮೇಲೆ ಹಾಸಿಗೆಯೇ ಗತಿ."

ಊರಲ್ಲಿ ಲಕ್ಷ್ಮಣತೀರ್ಥ ಹೊಳೆ ಇದೆ, ನಿಜ. ಆದರೆ ಬೇಸಿಗೆಯಲ್ಲಿ ಹಿಮ್ಮಡಿ ನೆನೆಯುತ್ತದೆ, ಮಳೆಗಾಲದಲ್ಲಿ ಆಳು ಕೊಚ್ಚಿಹೋಗುತ್ತಾನೆ. ಎದೆಮಟ್ಟ ಎಂಬುದು ಆ ಹೊಳೆಗೆ ಗೊತ್ತಿಲ್ಲ. ಹಾಗಾಗಿ ಯಜಮಾನರು ಹಿತ್ತಿಲಲ್ಲಿ ಗೋಡೆ ಹಾಕಿಸಿ, ಗಾರೆಯ ಈಜುತೊಟ್ಟಿ ಕಟ್ಟಿಸಿದರು. ಡಾಕ್ಟರು ಅದಕ್ಕೂ ಒಂದು ಷರತ್ತು ಹಾಕಿದರು: "ನಿಂತ ನೀರು ಕೆಡುತ್ತದೆ. ಒಳಗೆ ನಿಂತಾಗ ಕಾಲ್ಬೆರಳು ಕಾಣಬೇಕು. ಕಾಣದ ದಿನ ಇಳಿಸಬೇಡಿ."

ಅಲ್ಲಿಗೆ ಫಿಲ್ಟರ್ ಬಂತು, ಅದಕ್ಕೆ ನೀರು ನುಗ್ಗಿಸುವ ಪಂಪು ಬಂತು, ಪಂಪು ಓಡಿಸುವ ಇಂಜಿನ್ ಬಂತು, ಇಂಜಿನ್ ಹಿಂದೆ ನಾನು ಬಂದೆ. ನನ್ನ ಕೆಲಸ ಇಷ್ಟೇ: ದೊಡ್ಡವ್ವನ ಕಾಲ್ಬೆರಳು ದೊಡ್ಡವ್ವನಿಗೆ ಕಾಣುವಂತೆ ಮಾಡುವುದು.

೧. ಎಷ್ಟು ಜನಕ್ಕೆ ಕಾಫಿ?

ಫಿಲ್ಟರ್ ಎಂದರೆ ಆಳೆತ್ತರದ ಕಬ್ಬಿಣದ ಡ್ರಮ್ಮು. ಅದು ಮೈಸೂರಿನಿಂದ ಎತ್ತಿನ ಗಾಡಿಯಲ್ಲಿ ಬಂತು. ಪೇಟೆ ಬೀದಿಯಲ್ಲಿ ಗಾಡಿಯವನು ಎತ್ತುಗಳಿಗೆ ನೀರು ಕುಡಿಸಲು ನಿಲ್ಲಿಸಿದಾಗ ಜನ ಸುತ್ತುವರಿದರು.

"ಏನ್ಲಾ ಅದು?"

"ಫಿಲ್ಟ್ರು ಕಣಣ್ಣ. ಕಂಟ್ರಾಕ್ಟ್ರು ಮನೇದು."

"ಇಷ್ಟ್ ದೊಡ್ದಾ!"

ನಮ್ಮೂರು ಕಾಫಿಬೀಜ ಹಸನು ಮಾಡುವ ಊರು. ಫಿಲ್ಟರ್ ಎಂಬ ಮಾತಿಗೆ ಅಲ್ಲಿ ಒಂದೇ ಅರ್ಥ. ಮಾರನೆಯ ಬೆಳಿಗ್ಗೆ ನಾನು ಬಾಗಿಲು ತೆಗೆದರೆ ಜಗಲಿಯ ತುಂಬ ಜನ. ಕೆಲವರ ಕೈಯಲ್ಲಿ ಲೋಟ, ಕೆಲವರ ಕೈಯಲ್ಲಿ ಚೊಂಬು. ಇದು ಕಾಫಿಯದಲ್ಲ, ನೀರಿನದು ಎಂದು ನಾನು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದೆ. ಒಬ್ಬ ಮುದುಕರು ಬಿಡಲಿಲ್ಲ.

"ಮೇಲ್ಗಡೆ ಏನ್ ಹಾಕ್ತೀಯ?"

"ನೀರು."

"ಕೆಳ್ಗಡೆ ಏನ್ ಇಳೀತದೆ?"

"ನೀರೇ."

"ನೀರ್ ಹಾಕಿ ನೀರ್ ಇಳ್ಸಕ್ಕೆ ಇಂಜಿನ್ ಬೇರೆ" ಎಂದು ಅವರು ಪಕ್ಕದವರ ಮುಖ ನೋಡಿದರು. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬುದು ಎಲ್ಲರಿಗೂ ಖಾತ್ರಿಯಾಯಿತು.

ದೊಡ್ಡವ್ವ ಒಳಗಿನಿಂದಲೇ ಕೂಗಿದರು: "ಲೋಟ ಹಿಡ್ಕಂಡ್ ಬಂದೋರ್ನ ಬರೀ ಲೋಟದಲ್ಲಿ ಕಳಿಸ್ಬಾರ್ದು ಕಣ್ಲಾ!" ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಬೀಜ ಹುರಿದು, ಕುಟ್ಟಿ, ಹಂಡೆಯಲ್ಲಿ ಕಾಫಿ ಕಾಯಿಸಿ ಅಷ್ಟು ಜನಕ್ಕೂ ಕೊಡಿಸಿದರು. ಡ್ರಮ್ಮು ಇನ್ನೂ ಗಾಡಿಯ ಮೇಲೆ ಹಗ್ಗ ಬಿಗಿದುಕೊಂಡೇ ಇತ್ತು, ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಆ ಮುದುಕರು ಕೊನೆಯ ಗುಟುಕು ಕುಡಿದು, ಲೋಟ ಬೋರಲು ಹಾಕಿ, ತೀರ್ಪು ಕೊಟ್ಟರು:

"ಕಾಫಿ ಸೆಂದಾಗದೆ ದೊಡ್ಡವ್ವ. ವಸಿ ಕಬ್ಬಿಣದ್ ವಾಸ್ನೆ ಬತ್ತದೆ. ಹೊಸದಲ್ವಾ, ಪಳಗಿದ್ ಮೇಲೆ ಸರಿಹೋಯ್ತದೆ."

೨. ರಾಗಿ ಹಾಕ್ರೋ

ಡ್ರಮ್ಮು ಬರೀ ಡ್ರಮ್ಮು. ನೀರು ಸೋಸುವುದು ಅದರೊಳಗಿನ ಕಲ್ಲು ಮತ್ತು ಮರಳು. ಅಡಿಯಲ್ಲಿ ದಪ್ಪ ಕಲ್ಲು, ಅದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಎಲ್ಲಕ್ಕೂ ಮೇಲೆ ನಯವಾದ ಮರಳು. ಈ ಪದರ ತಪ್ಪಿದರೆ ಮರಳೇ ತೊಟ್ಟಿಗೆ ಹರಿದುಬರುತ್ತದೆ. ಮೈಸೂರಿನಿಂದ ಬಂದ ಫಿಟ್ಟರ್, ಇಂಚಿನಲ್ಲಿ ಎಂಟರಲ್ಲೊಂದು ಪಾಲು, ಹದಿನಾರರಲ್ಲೊಂದು ಪಾಲು ಎಂದು ಹೇಳಿ, ಮಾದರಿ ಕಲ್ಲುಗಳನ್ನು ಕೈಗಿಟ್ಟು ಹೊರಟುಹೋದ. ನನಗೆ ಆ ಲೆಕ್ಕ ತಲೆಗೆ ಹತ್ತಲಿಲ್ಲ. ದೊಡ್ಡವ್ವ ಆ ಕಲ್ಲುಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿ ಒಂದೊಂದಕ್ಕೂ ಹೆಸರಿಟ್ಟರು: ನೆಲ್ಲಿಕಾಯಿ, ಕಡಲೆ, ರಾಗಿ, ಗಸಗಸೆ. ಅದಕ್ಕಿಂತ ಒಳ್ಳೆಯ ಅಳತೆಯನ್ನು ನಾನು ಇವತ್ತಿಗೂ ಕಂಡಿಲ್ಲ.

ಹೊಳೆಯಿಂದ ಜಲ್ಲಿ ಮರಳು ತರಿಸಿ, ಜರಡಿ ಹಿಡಿಸಿ, ಹಿತ್ತಿಲಲ್ಲಿ ನಾಲ್ಕು ಗುಡ್ಡೆ ಮಾಡಿಸಿದೆ. ತುಂಬಲು ಕಟ್ಟೆಮಳಲವಾಡಿಯ ಇಬ್ಬರು ಆಳುಗಳು ಬಂದರು. ನೆಲ್ಲಿಕಾಯಿ, ಕಡಲೆ ಎರಡನ್ನೂ ಎದುರು ನಿಂತು ಹಾಕಿಸಿದೆ. ಅಷ್ಟರಲ್ಲಿ ಪಂಪಿನ ನಟ್ಟು ಸಡಿಲವಾಯಿತು. ನಾನು ಗೋಡೆಯಾಚೆ ಪಂಪಿನ ಕೆಳಗೆ ಅಂಗಾತ ಮಲಗಿಕೊಂಡು ಅಲ್ಲಿಂದಲೇ ಕೂಗಿದೆ.

"ಇನ್ನು ರಾಗಿ ಹಾಕ್ರೋ!"

ಸ್ವಲ್ಪ ಹೊತ್ತು ಗುಸುಗುಸು ಕೇಳಿಸಿತು. ಆಮೇಲೆ, "ಎಷ್ಟ್ ಹಾಕವ ಸ್ವಾಮಿ?"

"ಎರಡು ಮೂಟೆಯಷ್ಟು ಹಾಕಿ ನೋಡಿ."

"ಹಾಕುದ್ವಿ."

"ಸಮವಾಗಿ ಹರಡಿ. ಆಮೇಲೆ ಗಸಗಸೆ ಸುರೀರಿ."

ಗಸಗಸೆ ಎಂಬುದು ಆ ಮನೆಯಲ್ಲಿ ಮೂಟೆಗಟ್ಟಲೆ ಇರಲಿಲ್ಲ. ಹಾಗಾಗಿ ಅದಕ್ಕೆ ಮಾತ್ರ ಅವರು ಮರಳಿನ ಗುಡ್ಡೆಗೇ ಹೋದರು. ಮುಚ್ಚಳ ಬಿಗಿದು ಇಂಜಿನ್ ಹೊಡೆದೆ. ಮೂರನೆಯ ಗುಡ್ಡೆ ಹಾಗೇ ಉಳಿದಿದ್ದನ್ನು ಕಂಡು, ತಂದದ್ದು ಹೆಚ್ಚಾಯಿತೇನೋ ಎಂದುಕೊಂಡೆ.

ಎರಡು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ನೀರು ಮಬ್ಬಾಯಿತು. ಅದಕ್ಕೊಂದು ಹುಳಿ ವಾಸನೆಯೂ ಬಂತು. ದೊಡ್ಡವ್ವ ಮೆಟ್ಟಿಲಲ್ಲಿ ಕೂತು ಕಾಲು ಇಳಿಬಿಟ್ಟು ನೋಡಿ, "ಬೆರಳಿರ್ಲಿ, ಪಾದವೇ ಕಾಣಕ್ಕಿಲ್ಲ. ಅಂಬ್ಲಿ ಒಳಗ್ ಕಾಲಿಟ್ಟಂಗದೆ" ಎಂದು ಕಾಲೆಳೆದುಕೊಂಡರು. ಮುಚ್ಚಳ ತೆಗೆಸಿ ಮರಳು ಕೆರೆಸಿದೆ. ಅಡಿಯಲ್ಲಿ ಬೆಳ್ಳಗೆ, ಒತ್ತಾಗಿ, ಮೊಳಕೆ ಬಂದ ರಾಗಿ!

ಪಡಸಾಲೆಯಲ್ಲಿ ಬೀಸಲು ತೆಗೆದಿಟ್ಟಿದ್ದ ಮೂಟೆಗಳವು. ನಾನು ಆಳುಗಳ ಮುಖ ನೋಡಿದೆ. ಅವರಲ್ಲಿ ಹಿರಿಯನು, "ನಮಗೂ ಅನ್ಮಾನ ಬಂತು ಸ್ವಾಮಿ" ಎಂದ. "ಆಮೇಕೆ ಇವ್ನಂದ, ಅಷ್ಟ್ ಕೆಲಸ ಮಾಡೋ ಯಂತ್ರ, ಅದೂ ಹೊಟ್ಟೆಗೆ ಏನಾರಾ ತಿನ್ಬೇಕಲ್ವಾ ಅಂತ."

ಮತ್ತೆ ಪದರ ಹಾಕಿ ನೀರು ತಿಳಿಯಾಗುವವರೆಗೆ ದೊಡ್ಡವ್ವನ ನಡಿಗೆ ನಿಂತಿತು, ಮಂಡಿ ಬಿಗಿಯಿತು. ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತಿದ್ದೆ. ಅವರು ಮೊಳಕೆಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು. ರಾಗಿ ಬಿತ್ತುವಾಗ ಕಾಳು ಒಂದೇ ಕಡೆ ಬೀಳದಿರಲಿ ಎಂದು ಮರಳು ಬೆರೆಸಿ ಎರಚುವ ಪದ್ಧತಿ ನಮ್ಮ ಕಡೆ ಇದೆ. "ಮರಳು ಬೆರೆಸೋದೂ ಆಯ್ತು, ಮೊಳಕೆ ಬರ್ಸೋದೂ ಆಯ್ತು. ಒತ್ಕೊಂಡೋಗಿ ಹಿಂದಿನ ಹೊಲಕ್ಕೆ ಎರಚ್ರಲಾ" ಎಂದರು. ಹದವಾದ ಮಳೆ ಬಿದ್ದಿತ್ತು. ಪೈರು ಬಂತು. ಹೊಳೆ ಮರಳಿನಲ್ಲಿ ರಾಗಿ ಬೆಳೆಯುವ ಇಂಜಿನ್ ಡ್ರೈವರ್ ಎಂದು ಪಿರಿಯಾಪಟ್ಟಣದ ಸಂತೆಯವರೆಗೆ ನನ್ನ ಹೆಸರು ಹೋಯಿತು. ಒಬ್ಬ ರೈತ ಬಂದು, "ಬತ್ತಕ್ಕೂ ಇದೇ ಯಂತ್ರ ಆಯ್ತದಾ?" ಎಂದು ಕೇಳಿಯೂ ಬಿಟ್ಟ.

೩. ಅರಿಸಿನದ ಗಂಗೆ

ಹೊಸ ಬಾವಿಗಾಗಲಿ ಕಟ್ಟೆಗಾಗಲಿ ನೀರು ಬಂದರೆ ಹೆಂಗಸರು ಗಂಗೆಪೂಜೆ ಮಾಡುತ್ತಾರೆ. ನಮ್ಮ ತೊಟ್ಟಿಗೂ ಬೀದಿಯ ಹೆಂಗಸರು ಶುಕ್ರವಾರ ಶುಕ್ರವಾರ ಬರತೊಡಗಿದರು. ಅರಿಸಿನ, ಕುಂಕುಮ, ಹೂವು, ವೀಳ್ಯದೆಲೆ, ಮೊಸರನ್ನದ ಉಂಡೆ, ಎಲ್ಲವೂ ನೀರಿಗೆ. ನೀರಿಗೆ ಬಿದ್ದದ್ದೆಲ್ಲ ಫಿಲ್ಟರಿಗೆ. ಡ್ರಮ್ಮಿನ ಮೇಲೆ ಗಡಿಯಾರದಂಥದೊಂದು ಬಿಲ್ಲೆ ಇರುತ್ತದೆ. ಒಳಗೆ ಕೊಳೆ ತುಂಬಿದಷ್ಟೂ ಅದರ ಮುಳ್ಳು ಕೆಂಪು ಗೆರೆಯ ಕಡೆಗೆ ಏರುತ್ತದೆ. ಶುಕ್ರವಾರ ಸಂಜೆಗೆ ಮುಳ್ಳು ಗೆರೆ ದಾಟಿ ನಡುಗುತ್ತಿತ್ತು. ಶನಿವಾರ ಬೆಳಿಗ್ಗೆ ಕಾಲ್ಬೆರಳು ಕಾಣುತ್ತಿರಲಿಲ್ಲ.

ಪೂಜೆ ಬೇಡ ಎನ್ನಲು ಯಜಮಾನರಿಗೆ ಧೈರ್ಯವಿಲ್ಲ, ನನಗಂತೂ ಇಲ್ಲವೇ ಇಲ್ಲ. ದೊಡ್ಡವ್ವನೇ ದಾರಿ ಹುಡುಕಿದರು. ಫಿಲ್ಟರ್ ಕಟ್ಟಿಕೊಂಡಾಗ ನೀರನ್ನು ಅಡಿಯಿಂದ ಮೇಲಕ್ಕೆ ಉಲ್ಟಾ ನುಗ್ಗಿಸಿ, ಮರಳಿನ ಕೊಳೆಯನ್ನೆಲ್ಲ ಹೊರಗೆ ತಳ್ಳಬೇಕು. ಆ ಕೊಳೆನೀರು ಒಂದು ಕೊಳವೆಯಲ್ಲಿ ಬಾಳೆಗಿಡಗಳ ಬುಡಕ್ಕೆ ಬೀಳುತ್ತದೆ. ದೊಡ್ಡವ್ವ ಹೆಂಗಸರಿಗೆ ಆ ಕೊಳವೆಯ ಬಾಯಿ ತೋರಿಸಿ, "ಗಂಗವ್ವ ಉಕ್ಕೋದು ಇಲ್ಲಿ ಕಣ್ರವ್ವ. ತೊಟ್ಟೀಲಿರೋದು ಬರೀ ನಿಂತ್ ನೀರು. ಇಲ್ಲೇ ಪೂಜೆ ಮಾಡ್ರಿ" ಎಂದರು. ಹೆಂಗಸರಿಗೂ ಅದು ಒಪ್ಪಿಗೆಯಾಯಿತು. ಕೊಳವೆಯ ಬಾಯಿಗೆ ವಿಭೂತಿ ಕುಂಕುಮ ಬಿತ್ತು.

ಆದರೆ ಈ ಬದಲಾವಣೆಯನ್ನು ನನಗೆ ಯಾರೂ ಹೇಳಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಮುಳ್ಳು ನೋಡಿದೆ, ಕೆಂಪಿನಲ್ಲಿತ್ತು. ಹೋದ ವಾರ ತೊಳೆಯುವುದು ತಪ್ಪಿ, ಪೂಜೆಯದ್ದೆಲ್ಲ ಒಳಗೇ ಉಳಿದಿತ್ತು. ನೀರಿನ ದಾರಿ ಬದಲಿಸುವ ಗಾಲಿಯನ್ನು ಉಲ್ಟಾ ತಿರುಗಿಸಿ ಇಂಜಿನ್ ಹೊಡೆದೆ. ಗೋಡೆಯಾಚೆ ಹೆಂಗಸರು ಆರತಿ ಎತ್ತಿ ಕಣ್ಣು ಮುಚ್ಚಿಕೊಂಡಿದ್ದರಂತೆ. ಕೊಳವೆ ಒಂದು ಸಲ ಕೆಮ್ಮಿತು. ಆಮೇಲೆ ಭರ್ರೆಂದು ಹಳದಿ ನೀರು, ಬಾಡಿದ ಹೂವು, ಎಲೆ ಚೂರುಗಳ ಸಮೇತ, ಅಷ್ಟೂ ಜನರ ನೆತ್ತಿಯ ಮೇಲೆ.

ಕಿರುಚಾಟ ಕೇಳಿ ನಾನು ಓಡಿಹೋದೆ. ಹೊಡೆತ ಬೀಳುತ್ತದೆ ಎಂದೇ ಎಣಿಸಿದ್ದೆ. ನೋಡಿದರೆ ಎಲ್ಲರೂ ತೊಯ್ದು ಕೈಮುಗಿದು ನಿಂತಿದ್ದಾರೆ. "ಅರಿಸ್ನದ್ ನೀರು! ಗಂಗವ್ವ ಒಲಿದ್ಲು ಕಣ್ರೇ, ಓಕ್ಳಿ ಆಡುದ್ಲು!" ಎಂದು ಒಬ್ಬಾಕೆಯ ಕಣ್ಣಲ್ಲಿ ನೀರು. ಅದು ನೀವೇ ಹಾಕಿದ ಹೋದ ವಾರದ ಅರಿಸಿನ ಎಂದು ವಿವರಿಸಲು ನಾನು ಬಾಯಿ ತೆರೆದೆ. ಹಿಂದಿನಿಂದ ದೊಡ್ಡವ್ವನ ಕೋಲು ನನ್ನ ಬೆನ್ನಿಗೆ ತಿವಿಯಿತು.

"ಬಾಯ್ ಮುಚ್ಲಾ. ದೇವ್ರು ಕೊಡೋದೆಲ್ಲ ನಾವ್ ಮೊದ್ಲು ಹಾಕಿದ್ದೇ."

೪. ಗಾಳಿ

ಪಂಪಿಗೆ ನೀರಿನ ಜೊತೆ ಗಾಳಿ ಸಿಕ್ಕಿದರೆ ಅದು ನೀರೆಳೆಯುವುದನ್ನು ಬಿಟ್ಟು ಮುದುಕನ ಹಾಗೆ ಗೊರಗುಟ್ಟುತ್ತದೆ. ಒಂದು ಬೇಸಿಗೆಯಲ್ಲಿ ದಿನಾ ಮಧ್ಯಾಹ್ನದ ಮೇಲೆ ನಮ್ಮ ಪಂಪು ಗೊರಗುಟ್ಟತೊಡಗಿತು. ಕಾರಣ ನೋಡಿದರೆ ತೊಟ್ಟಿಯ ನೀರು ಪಂಪು ನೀರೆಳೆಯುವ ಕೊಳವೆಯ ಬಾಯಿಗಿಂತ ಕೆಳಗಿಳಿದಿತ್ತು. ಬೆಳಿಗ್ಗೆ ಬಾವಿಯಿಂದ ತುಂಬಿಸುತ್ತೇನೆ, ಊಟ ಮಾಡಿ ಬರುವಷ್ಟರಲ್ಲಿ ಇಳಿದಿರುತ್ತದೆ.

ಎಲ್ಲೋ ಸೋರುತ್ತಿದೆ ಎಂದು ಯಜಮಾನರೂ ನಾನೂ ತೀರ್ಮಾನಿಸಿದೆವು. ಅಂಟುವಾಳದ ನೊರೆಯನ್ನು ಜೋಡಣೆಗಳಿಗೆ ಬಳಿದೆ. ಗಾಳಿ ಹೋಗುವ ಕಡೆ ನೊರೆ ಗುಳ್ಳೆಯೇಳುತ್ತದೆ. ಎಲ್ಲೂ ಗುಳ್ಳೆ ಇಲ್ಲ. ಚರ್ಮದ ವಾಷರ್ ಬದಲಿಸಿದೆ. ಕೊಳವೆಯ ಉದ್ದಕ್ಕೂ ಹಿತ್ತಿಲು ಅಗೆಸಿದೆ. ಯಜಮಾನರು ಕಂಟ್ರಾಕ್ಟರಿಕೆ ಬಿಟ್ಟು ಪಂಚೆ ಎತ್ತಿ ಕಟ್ಟಿ ಮಣ್ಣು ಹೊತ್ತರು. ತಾಯಿಯ ಮಂಡಿಗಾಗಿ ಅಂಥ ಮನುಷ್ಯ ಬುಟ್ಟಿ ಹೊತ್ತದ್ದನ್ನು ನಾನು ಮರೆಯುವುದಿಲ್ಲ. ಸೋರಿಕೆ ಮಾತ್ರ ಸಿಗಲಿಲ್ಲ.

ಒಂದು ಮಧ್ಯಾಹ್ನ ನಾವು ಊಟಕ್ಕೆ ಕೂತಿದ್ದಾಗ ದೊಡ್ಡವ್ವ ತೊಟ್ಟಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅಲ್ಲಿಂದಲೇ ಕೂಗಿದರು:

"ಬಾರ್ಲಾ ಡ್ರೈವ್ರು! ನಿನ್ನ ಲೀಕು ಸಿಕ್ತು. ಅದಕ್ಕೆ ಸೊಂಡ್ಲು ಅದೆ!"

ಎಂಜಲ ಕೈಯಲ್ಲೇ ಓಡಿದೆವು. ಗೋಡೆಯ ಮೇಲಿಂದ ಒಂದು ಸೊಂಡಿಲು ಇಳಿದು, ಸರಾಗವಾಗಿ ನೀರು ಹೀರಿ, ಆಚೆಗೆ ಹೋಗಿ, ಮೈಮೇಲೆ ಸುರಿದುಕೊಂಡು, ಮತ್ತೆ ಬರುತ್ತಿತ್ತು. ದಿಮ್ಮಿ ಎಳೆಯಲು ಯಜಮಾನರೇ ಹೆಗ್ಗಡದೇವನಕೋಟೆ ಕಾಡಿನಿಂದ ತರಿಸಿದ್ದ ಆನೆ! ಮಾವುತ ಗೋಡೆಯ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದ.

"ಹೊಳೇಲಿ ನೀರಿಲ್ವೇನಯ್ಯ?" ಎಂದು ಯಜಮಾನರು ಗದರಿದರು.

"ಅದೆ ಬುದ್ಧಿ" ಎಂದ ಮಾವುತ. "ಕರ್ಕಂಡೋಗ್ತೀನಿ. ಸೊಂಡ್ಲು ಅದ್ದಿ ನೋಡ್ತದೆ, ತಲೆ ಒದರಿ ತಿರುಗ್ಬುಡ್ತದೆ. ಡಾಕ್ಟ್ರು ಇದಕ್ಕೂ ಹೇಳವ್ರೇನೋ, ಕಾಲ್ಬೆರಳು ಕಾಣದಿದ್ರೆ ಇಳಿಯಾಕಿಲ್ಲ!"

೫. ಖಾಲಿ ತೊಟ್ಟಿ

ಈಗ ಹೇಳುವುದು ನಡೆದಾಗ ನೀರು ನನ್ನ ಹಿಡಿತಕ್ಕೆ ಬಂದಿತ್ತು. ನೀರಿಗೆ ಒಂದಿಷ್ಟು ಪಟಿಕ ಕರಗಿಸಿ ಬಿಟ್ಟರೆ, ಕಣ್ಣಿಗೆ ಕಾಣದ ದೂಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ, ಮರಳು ಅದನ್ನು ಹಿಡಿದುಹಾಕುತ್ತದೆ. ಇದನ್ನು ಕಲಿತ ಮೇಲೆ ಕಾಲ್ಬೆರಳಿರಲಿ, ಬೆರಳಿನ ಉಗುರೂ ಕಾಣುತ್ತಿತ್ತು. ದೊಡ್ಡವ್ವ ಒಂದು ದಿನವೂ ಬಿಡದೆ ನೀರಿನಲ್ಲಿ ಓಡಾಡುತ್ತಿದ್ದರು. ಆದರೆ ನೀರಿನಿಂದ ಮೇಲೆ ಬಂದರೆ ಮತ್ತೆ ಕೋಲು, ಮತ್ತೆ ಸೊಸೆಯ ಹೆಗಲು. "ನೀರು ಹೊರ್ತದೆ, ನೆಲ ಹೊರಾಕಿಲ್ವಲ್ಲಪ್ಪ" ಎನ್ನುತ್ತಿದ್ದರು. ಡಾಕ್ಟರು ಪರೀಕ್ಷಿಸಿ, ಮಂಡಿಯಲ್ಲಿ ಇನ್ನೇನೂ ದೋಷವಿಲ್ಲ, ಉಳಿದಿರುವುದು ಹೆದರಿಕೆ ಎಂದಿದ್ದರು. ಹೆದರಿಕೆಯನ್ನು ಸೋಸುವ ಫಿಲ್ಟರ್ ನನ್ನ ಬಳಿ ಇರಲಿಲ್ಲ.

ಆಗ ಯಜಮಾನರ ಮಗಳಿಗೆ ಗಂಡು ಗೊತ್ತುಮಾಡುವ ಮಾತುಕತೆ ನಡೆದಿತ್ತು. ಹುಡುಗನ ತಂದೆ ಕೃಷ್ಣರಾಜನಗರದ ಕಡೆಯವರು; ನಾವಿನ್ನೂ ಆ ಊರನ್ನು ಯಡತೊರೆ ಎಂದೇ ಕರೆಯುತ್ತಿದ್ದೆವು. ಕಾಲುವೆ ಗದ್ದೆಯ ಜನ, ಭಾರಿ ಗತ್ತು. ಜರಿಪೇಟ, ಉದ್ದ ಕೋಟು, ಕಿರ್ರೆನ್ನುವ ಹೊಸ ಚಡಾವು ಜೋಡು. ಊಟವಾದ ಮೇಲೆ, "ಏನೋ ತೊಟ್ಟಿ ಕಟ್ಟಿಸಿದ್ದೀರಂತೆ, ನೋಡೋಣ" ಎಂದು ಎದ್ದರು.

ಮಾತುಕತೆಗೆ ಅಡ್ಡಿಯಾಗದಿರಲೆಂದು ನಾನು ಇಂಜಿನ್ ನಿಲ್ಲಿಸಿದ್ದೆ. ಎಲೆ ಅಲುಗಾಡುವಷ್ಟೂ ಗಾಳಿಯಿರಲಿಲ್ಲ. ತೊಟ್ಟಿಯಲ್ಲಿ ಅಂಚಿನ ಸಮಕ್ಕೆ ನೀರು, ಒಂದು ಗೆರೆ ಸುಕ್ಕಿಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು. ಬೀಗರು ಅಂಚಿನಲ್ಲಿ ನಿಂತು ತಳದ ಗಾರೆಯನ್ನು ಮೆಚ್ಚಿಕೊಂಡರು.

"ಕೆಲಸ ಬಹಳ ಚೆನ್ನಾಗಿದೆ. ನೀರು ಯಾವಾಗ ಬಿಡ್ತೀರಿ?"

ಕೊಳೆನೀರು ಹೊರಗೆ ಬಿಡುವುದನ್ನು ಕೇಳುತ್ತಿದ್ದಾರೆ ಎಂದು ಯಜಮಾನರು ತಿಳಿದರು. "ಶನಿವಾರ ಬಿಡ್ತೀವಿ ಬೀಗ್ರೆ."

"ಹಾಗಾದ್ರೆ ಇವತ್ತು ಒಳಗಿಳಿದೇ ನೋಡಬಹುದು" ಎಂದು ಬೀಗರು ಮೇಲಿನ ಮೆಟ್ಟಿಲಿಗೆ ಗಂಭೀರವಾಗಿ ಹೆಜ್ಜೆ ಇಟ್ಟರು.

ಚಡಾವು ಜಾರಿ ದಬ್ಬನೆ ಸದ್ದಾಯಿತು. ಪೇಟ ಒಂದು ಕಡೆ ತೇಲಿತು, ಬೀಗರು ಇನ್ನೊಂದು ಕಡೆ ಮುಳುಗಿದರು. ಎದ್ದು "ಅಯ್ಯಯ್ಯೋ" ಎಂದರು, ಮತ್ತೆ ಮುಳುಗಿದರು. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಆ ಕ್ಷಣದಲ್ಲಿ ನಮಗೆ ಹೊಳೆಯಿತು: ಈಜುತೊಟ್ಟಿ ಇರುವ ಆ ಮನೆಯಲ್ಲಿ ಈಜು ಬರುವವರು ಒಬ್ಬರೂ ಇರಲಿಲ್ಲ.

ಯಾರೋ "ಹಗ್ಗ, ಹಗ್ಗ" ಎಂದರು. ಯಾರೋ ಹಗ್ಗ ತರಲು ಓಡಿ ಹಾಗೇ ಮಾಯವಾದರು. ಅಷ್ಟರಲ್ಲಿ ನನ್ನ ಪಕ್ಕದಿಂದ ಕೆಂಪು ಸೀರೆಯೊಂದು ಸರಸರನೆ ಹಾದುಹೋಯಿತು. ದೊಡ್ಡವ್ವ! ಕಲ್ಲುಬೆಂಚಿನಿಂದ ಎದ್ದು, ತೊಟ್ಟಿಯ ಅಂಚು ಬಳಸಿ, ಮೆಟ್ಟಿಲಿಳಿದು, ನೀರನ್ನು ಎರಡೂ ಕೈಯಿಂದ ಸೀಳಿಕೊಂಡು ಹೋಗಿ, ಬೀಗರ ಕೋಟಿನ ಕೊರಳುಪಟ್ಟಿ ಹಿಡಿದು ಎತ್ತಿದರು.

"ಎದ್ ನಿಂತ್ಕಳ್ರಿ ಬೀಗ್ರೆ. ಎದೆಮಟ್ಟ ಅದೆ!"

ಬೀಗರು ನಿಂತರು. ನಿಜವಾಗಿ ಎದೆಮಟ್ಟವೇ ಇತ್ತು. ಮೂಗಿನಿಂದ ನೀರು, ಮೀಸೆಯಿಂದ ನೀರು. ಅವರ ಮುಖ ನೋಡಿ ನಮ್ಮೆಲ್ಲರ ಹೊಟ್ಟೆಯೊಳಗಿಂದ ನಗು ಉಕ್ಕಿ ಗಂಟಲಿಗೆ ಬಂದು ನಿಂತಿತು. ಕಿಟಕಿಯಲ್ಲಿದ್ದ ಮದುವೆಯ ಹುಡುಗಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ದೊಡ್ಡವ್ವ ನೀರಿನೊಳಗಿಂದಲೇ ತಿರುಗಿ ಕೈಯೆತ್ತಿದರು.

"ಯಾರಾರಾ ನಕ್ಕೀರಿ, ಉಷಾರು! ಹಿಂದೊಬ್ಬ ರಾಜ ಇಂಗೇ ನೀರಿಲ್ಲ ಅಂದ್ಕಂಡು ಬಿದ್ದಾಗ ಹೆಣ್ಮಗಳೊಬ್ಬಳು ನಕ್ಕಿದ್ಕೆ ಹದಿನೆಂಟ್ ದಿನ ಹೊಡೆದಾಡವ್ರೆ!"

ಯಾರೂ ನಗಲಿಲ್ಲ. ಹೇಗೆ ತಡೆದುಕೊಂಡೆವೋ ಆ ದೇವರಿಗೇ ಗೊತ್ತು. ದೊಡ್ಡವ್ವ ಬೀಗರ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದು ಗಟ್ಟಿ ನೆಲದ ಮೇಲೆ ನಿಂತರು. ಆಗ ಯಜಮಾನರು ಬೆಂಚಿನ ಕಡೆ ತಿರುಗಿದರು. ಅವರು ಬೀಗರನ್ನು ನೋಡುತ್ತಲೇ ಇರಲಿಲ್ಲ. ಬೆಂಚಿಗೆ ಒರಗಿಸಿದ್ದ ಕೋಲು ಒರಗಿಸಿದಂತೆಯೇ ಇತ್ತು. ಸೊಸೆ ಅಡುಗೆಮನೆಯ ಬಾಗಿಲಲ್ಲಿದ್ದರು.

"ಅವ್ವಾ..." ಎಂದರು ಯಜಮಾನರು. "ಅವ್ವಾ, ನಿನ್ನ ಕೋಲು!"

ದೊಡ್ಡವ್ವ ಒಂದು ಸಲ ತಮ್ಮ ಖಾಲಿ ಕೈ ನೋಡಿಕೊಂಡರು, ಒಂದು ಸಲ ಕಾಲು ನೋಡಿಕೊಂಡರು. ಕಣ್ಣು ತುಂಬಿಬಂದದ್ದು ನನಗೆ ಕಾಣಿಸಿತು. ತೊಟ್ಟಿಯ ನೀರೇ ಇರಬೇಕು ಎನ್ನುವಂತೆ ಅದನ್ನು ಒರೆಸಿಕೊಂಡು, "ಹೂಂ, ತಕ್ಕಂಡ್ ಬಾ ಮತ್ತೆ. ಬೀಗ್ರ ಪೇಟ ನಡುನೀರಲ್ಲಿ ಅದೆ, ಎಳ್ಕಬೇಕು" ಎಂದರು.

ಅದೇ ಕೋಲಿನಿಂದ ಪೇಟ ಎಳೆದು ತೆಗೆದೆವು. ಬೀಗರು ಯಜಮಾನರ ಪಂಚೆ ಉಟ್ಟು, ಬಿಸಿ ಕಾಫಿಯ ಲೋಟ ಹಿಡಿದು, ಮುಖ ಬಿಗಿದುಕೊಂಡು ಕೂತರು. ಸಂಬಂಧ ಮುರಿಯಿತು ಎಂದೇ ಎಲ್ಲರೂ ಅಂದುಕೊಂಡೆವು. ದೊಡ್ಡವ್ವ ಮಾತ್ರ ಜಗಲಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಸುಮ್ಮನೆ ನಡೆದಾಡುತ್ತಿದ್ದರು. ಅವರನ್ನೇ ನೋಡುತ್ತ ನೋಡುತ್ತ ಬೀಗರ ಮುಖ ಸಡಿಲವಾಯಿತು. ಲೋಟ ಕೆಳಗಿಟ್ಟರು.

"ಇಂಥ ಅಜ್ಜಿ ಇರೋ ಮನೆ ಹೆಣ್ಣು ನಮಗೆ ಒಪ್ಪಿಗೆ" ಎಂದರು. "ಆದ್ರೆ ಯಜಮಾನ್ರೆ, ಒಂದು ಮಾತು. ಮದುವೆಗೆ ನಮ್ಮ ಕಡೆಯೋರು ಗಾಡಿಗಟ್ಟಲೆ ಬರ್ತಾರೆ. ಅಷ್ಟ್ರೊಳಗೆ ಆ ನೀರಿಗೆ ಒಂದೆರಡು ಬುಟ್ಟಿ ಕೆಸರು ಹಾಕಿಸಿಬಿಡಿ!"